ಸಂಬಳದ ಪಟ್ಟಿಯ ಆಚೆಗೆ: ಅಶೋಕಪುರಂ ಮತ್ತು ಕರ್ನಾಟಕದ ಕಿರುವಿಮೆಯ ಚರಿತ್ರೆ

ಕಡಿಮೆ ಆದಾಯದ ಕುಟುಂಬಗಳ ಕೈಗೆಟುಕುವ ಕಂತಿಗೆ ಸೀಮಿತವಾದರೂ ಖಚಿತವಾದ ರಕ್ಷಣೆಯನ್ನು ಒದಗಿಸುವ ವಿಮೆಗೆ ಕಿರುವಿಮೆ ಅಥವಾ ಸೂಕ್ಷ್ಮ ವಿಮೆ ಎಂಬ ಹೆಸರು ಇತ್ತೀಚಿನ ದಶಕಗಳಲ್ಲಿ ರೂಢಿಗೆ ಬಂದಿದೆ. ದುಡಿಯುವವರ ಸಾವು, ಅಪಘಾತ, ಆಸ್ಪತ್ರೆ ವಾಸ, ಬೆಳೆನಷ್ಟ ಮುಂತಾಗಿ ಒಮ್ಮೆಗೇ ಎರಗಿ ಬಡ ಸಂಸಾರವನ್ನು ಸಾಲಕ್ಕೆ ನೂಕುವ ಆಪತ್ತುಗಳ ಹೊರೆಯನ್ನು ಸಾವಿರಾರು ಜನರ ನಡುವೆ ಹಂಚಿಬಿಡುವುದು ಎಲ್ಲ ವಿಮೆಯ ತತ್ತ್ವವೇ ಆಗಿದ್ದರೂ, ನಿಶ್ಚಿತ ವರಮಾನವಿಲ್ಲದವರಿಗೆ ಆ ತತ್ತ್ವವನ್ನು ಅನ್ವಯಿಸುವಾಗ ಬೇರೆಯೇ ಬಗೆಯ ತೊಡಕುಗಳು ಎದುರಾಗುತ್ತವೆ. ಕರ್ನಾಟಕದಲ್ಲಿ ಈ ಪ್ರಯೋಗದ ಚರಿತ್ರೆಯನ್ನು ಸಾಮಾನ್ಯವಾಗಿ ಕಂತಿನ ಮೊತ್ತದ ಕಥೆಯಾಗಿ, ಅಂದರೆ ತಿಂಗಳಿಗೆ ಐದೇ ರೂಪಾಯಿಗೆ ಹೃದಯದ ಶಸ್ತ್ರಚಿಕಿತ್ಸೆ ದೊರೆತ ಸಾಧನೆಯಾಗಿ ಹೇಳಲಾಗುತ್ತದೆ. ಆ ಸಾಧನೆ ದೊಡ್ಡದೇ. ಆದರೆ ಐದು ರೂಪಾಯಿಯನ್ನು ನಿಗದಿಪಡಿಸುವುದಕ್ಕಿಂತ ಅದನ್ನು ವಸೂಲು ಮಾಡುವುದು, ಕೊಟ್ಟವರ ಹೆಸರನ್ನು ಪಟ್ಟಿಯಲ್ಲಿ ಇಡುವುದು, ಕಾಯಿಲೆ ಬಿದ್ದ ದಿನ ಆ ಪಟ್ಟಿಯನ್ನು ಆಸ್ಪತ್ರೆಯಲ್ಲಿ ನಡೆಸಿಕೊಡುವುದು ಹೆಚ್ಚು ಕಷ್ಟದ ಕೆಲಸವಾಗಿತ್ತು. ಸಂಬಳದ ಪಟ್ಟಿ ಇಲ್ಲದವರಿಗೆ ಅದರ ಬದಲಿಗೆ ಯಾವ ಪಟ್ಟಿ ಎಂಬ ಪ್ರಶ್ನೆಗೆ ರಾಜ್ಯವು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳೇ ಇಲ್ಲಿನ ಕಿರುವಿಮೆಯ ನಿಜವಾದ ಚರಿತ್ರೆ.

ಈ ಪ್ರಶ್ನೆಯನ್ನು ನೋಡಲು ಮೈಸೂರಿನ ಅಶೋಕಪುರಂಗಿಂತ ತಕ್ಕ ಸ್ಥಳ ಕಡಿಮೆ. ಹಿಂದೆ ಆದಿಕರ್ನಾಟಕಪುರ ಎಂದು ಕರೆಯಲಾಗುತ್ತಿದ್ದ, ನಗರದ ದಕ್ಷಿಣ ಭಾಗದ ಈ ದೊಡ್ಡ ದಲಿತ ಬಡಾವಣೆಯ ಪಕ್ಕದಲ್ಲೇ, ಮೈಸೂರು ಸಂಸ್ಥಾನದ ರೈಲ್ವೆಯು 1920ರ ದಶಕದಲ್ಲಿ ಆರಂಭಿಸಿದ ಕಾರ್ಯಾಗಾರವಿದೆ. ನಂಜನಗೂಡು, ಚಾಮರಾಜನಗರಗಳ ಕಡೆಗೆ ಹೋಗುವ ಹಳಿಯ ಮೇಲೆ ಬಡಾವಣೆಯ ಹೆಸರಿನದೇ ನಿಲ್ದಾಣವಿದೆ. ಕಾರ್ಯಾಗಾರದಲ್ಲಿ ಕಾಯಂ ಕೆಲಸ ದೊರೆತವರ ಮನೆಗೆ ತಿಂಗಳ ಸಂಬಳದ ಜೊತೆಗೆ ಭವಿಷ್ಯನಿಧಿ, ರೈಲ್ವೆ ಆಸ್ಪತ್ರೆಯ ಚಿಕಿತ್ಸೆ, ನಿವೃತ್ತಿ ಸೌಲಭ್ಯ, ದುಡಿಯುವವರು ತೀರಿಕೊಂಡರೆ ಕುಟುಂಬಕ್ಕೆ ಪಿಂಚಣಿ ಇವೆಲ್ಲವೂ ಒಟ್ಟಿಗೇ ಬಂದವು. ಗಾರೆ ಕೆಲಸ, ಹಮಾಲಿ, ಮನೆಗೆಲಸ, ಆಟೊ ಓಡಿಸುವುದು, ತಳ್ಳುಗಾಡಿ ವ್ಯಾಪಾರ ಇವುಗಳನ್ನು ನಂಬಿದ ಮನೆಗೆ ಇವುಗಳಲ್ಲಿ ಒಂದೂ ಬರಲಿಲ್ಲ. ಒಂದೇ ಬೀದಿಯಲ್ಲಿ, ಎಷ್ಟೋ ವೇಳೆ ಒಂದೇ ವಂಶದ ಅಣ್ಣತಮ್ಮಂದಿರ ಮನೆಗಳಲ್ಲಿ, ಒಬ್ಬರಿಗೆ ಕಾಯಿಲೆಯೆಂದರೆ ಕೆಲವು ದಿನದ ರಜೆ, ಇನ್ನೊಬ್ಬರಿಗೆ ಕಿವಿಯ ಓಲೆಯನ್ನು ಗಿರವಿ ಇಡುವ ಪ್ರಸಂಗ. ಇಬ್ಬರ ದುಡಿಮೆಯ ಶ್ರಮದಲ್ಲಿ ವ್ಯತ್ಯಾಸವಿರಲಿಲ್ಲ. ಒಬ್ಬರ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಇನ್ನೊಬ್ಬರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಸಂಬಳ ಮತ್ತು ವಿಮೆಯ ಈ ನಂಟು ಮೈಸೂರು ಸೀಮೆಯಲ್ಲಿ ಬಹಳ ಹಳೆಯದು. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲೇ ಸಂಸ್ಥಾನವು ತನ್ನ ನೌಕರರಿಗಾಗಿ ಜೀವವಿಮೆಯ ಏರ್ಪಾಡು ಮಾಡಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಕಂತನ್ನು ಸಂಬಳದಲ್ಲೇ ಮುರಿದುಕೊಳ್ಳುವುದರಿಂದ ವಸೂಲಿಗೆ ಪ್ರತ್ಯೇಕ ಖರ್ಚಿಲ್ಲ, ಕಂತು ತಪ್ಪುವ ಭಯವೂ ಇಲ್ಲ. ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಜನರ ಬಾಯಲ್ಲಿ ಇಎಸ್‌ಐ, ಇದೇ ಜಾಡಿನಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ಚಿಕಿತ್ಸೆಯನ್ನೂ ಕಾಯಿಲೆಯ ದಿನಗಳ ಭತ್ಯೆಯನ್ನೂ ಒದಗಿಸಿತು. ಅಲ್ಲಿಯೂ ಹೆಬ್ಬಾಗಿಲು ಮಾಲೀಕ ಇಡುವ ಹಾಜರಿ ಪುಸ್ತಕವೇ. ಮಾಲೀಕನೇ ಇಲ್ಲದವರು, ಅಥವಾ ದಿನಕ್ಕೊಬ್ಬ ಮಾಲೀಕನ ಬಳಿ ದುಡಿಯುವವರು, ಹೊರಗೇ ಉಳಿದರು.

ಹೊರಗುಳಿದವರು ಏನೂ ಇಲ್ಲದೆ ಬದುಕುತ್ತಿದ್ದರೆಂದು ಇದರ ಅರ್ಥವಲ್ಲ. ಮದುವೆ ಮುಂಜಿಗಳಲ್ಲಿ ಕೊಟ್ಟದ್ದನ್ನು ಬರೆದಿಟ್ಟುಕೊಂಡು ಕೊಟ್ಟವರ ಮನೆಯ ಕಾರ್ಯಕ್ಕೆ ಹಿಂದಿರುಗಿಸುವ ಮುಯ್ಯಿ, ಹತ್ತಿಪ್ಪತ್ತು ಜನ ಸೇರಿ ಕಟ್ಟುವ ಚೀಟಿ, ಸಾವಾದಾಗ ಕೇರಿಯ ಯಜಮಾನರ ಮುಂದಾಳುತನದಲ್ಲಿ ಮನೆಗಿಷ್ಟು ಎಂದು ಎತ್ತುವ ಹಣ, ನೆಂಟರಿಷ್ಟರ ಕೈಸಾಲ ಇವೆಲ್ಲವೂ ಆಪತ್ತಿನ ಹೊರೆಯನ್ನು ಹಂಚಿಕೊಳ್ಳುವ ದಾರಿಗಳೇ. ಇವುಗಳ ಬಲ ಪರಸ್ಪರ ಪರಿಚಯದಲ್ಲಿದೆ. ಇವುಗಳ ಮಿತಿಯೂ ಅಲ್ಲೇ ಇದೆ, ಏಕೆಂದರೆ ಒಂದೇ ಕೇರಿಯ ಜನರೆಲ್ಲರೂ ಒಂದೇ ಬಗೆಯ ದುಡಿಮೆಯವರಾದಾಗ, ಕೆಲಸ ಸಿಗದ ತಿಂಗಳು ಎಲ್ಲರಿಗೂ ಒಟ್ಟಿಗೇ ಬರುತ್ತದೆ, ಮತ್ತು ಲಕ್ಷ ರೂಪಾಯಿಯ ಶಸ್ತ್ರಚಿಕಿತ್ಸೆಯ ಖರ್ಚನ್ನು ಹೊರುವ ಶಕ್ತಿ ಯಾವ ಚೀಟಿಗೂ ಇರುವುದಿಲ್ಲ. ಚೀಟಿಯಲ್ಲಿ ಕಟ್ಟಿದವರಿಗೆಲ್ಲ ಸರದಿಯ ಮೇಲೆ ಹಣ ಬಂದೇ ಬರುತ್ತದೆ. ವಿಮೆಯಲ್ಲಿ ಆಪತ್ತು ಬಂದವರಿಗೆ ಮಾತ್ರ ಬರುತ್ತದೆ. ಈ ಒಂದು ವ್ಯತ್ಯಾಸವನ್ನು ಜನರಿಗೆ ಒಪ್ಪಿಸುವುದರಲ್ಲೇ ಮುಂದಿನ ಹಲವು ಯೋಜನೆಗಳು ಸೋತವು ಅಥವಾ ಗೆದ್ದವು.

ಸಂಬಳದ ಪಟ್ಟಿಯ ಹೊರಗೆ ವಿಮೆ ಮಾರುವ ಪ್ರಯತ್ನ ಮೊದಲು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಇಂಗ್ಲೆಂಡಿನಲ್ಲಿ. ಪ್ರುಡೆನ್ಷಿಯಲ್ ಕಂಪನಿ 1854ರಿಂದ ಕಾರ್ಮಿಕರ ಮನೆಬಾಗಿಲಿಗೇ ಏಜೆಂಟರನ್ನು ಕಳುಹಿಸಿ ವಾರವಾರವೂ ಕೆಲವೇ ಪೆನ್ನಿಗಳ ಕಂತನ್ನು ಎತ್ತಿಸಿತು. ಲಕ್ಷಾಂತರ ಮನೆಗಳು ಸೇರಿದವಾದರೂ ಕಂತಿನ ದೊಡ್ಡ ಪಾಲು ವಸೂಲಿಯ ಖರ್ಚಿಗೇ ಹೋಗುತ್ತಿತ್ತು. ಕಂತು ಸಣ್ಣದಾದಷ್ಟೂ ಅದನ್ನು ಎತ್ತುವ ಖರ್ಚಿನ ಪ್ರಮಾಣ ಹೆಚ್ಚುತ್ತದೆಂಬ ಆ ಪಾಠ ಇಂದಿಗೂ ಹಳತಾಗಿಲ್ಲ. ಭಾರತದಲ್ಲಿ 1956ರಲ್ಲಿ ಸ್ಥಾಪನೆಯಾದ ಭಾರತೀಯ ಜೀವವಿಮಾ ನಿಗಮ ಮರುವರ್ಷವೇ ಜನತಾ ಪಾಲಿಸಿಯ ಮೂಲಕ ಸಣ್ಣ ವರಮಾನದವರನ್ನು ತಲುಪಲು ನೋಡಿತು. ಹೆಚ್ಚು ಗಟ್ಟಿಯಾದ ಹೆಜ್ಜೆ ಬಂದದ್ದು 2000ದ ಆಗಸ್ಟಿನಲ್ಲಿ ಆರಂಭವಾದ ಜನಶ್ರೀ ಬಿಮಾ ಯೋಜನೆಯಿಂದ. ವರ್ಷಕ್ಕೆ 200 ರೂಪಾಯಿ ಕಂತು, ಅದರಲ್ಲಿ ಅರ್ಧವನ್ನು ಕೇಂದ್ರದ ಸಾಮಾಜಿಕ ಭದ್ರತಾ ನಿಧಿ ಭರಿಸುವುದು, ಉಳಿದರ್ಧ ಸದಸ್ಯರದು ಎಂಬುದು ಅದರ ಲೆಕ್ಕ. ಚಮ್ಮಾರರು, ಹಮಾಲರು, ಸಫಾಯಿ ಕರ್ಮಚಾರಿಗಳು, ಬೀಡಿ ಕಟ್ಟುವವರು, ಕೈಮಗ್ಗದ ನೇಕಾರರು ಮುಂತಾದ ಕಸುಬುಗಳ ಹೆಸರುಗಳು ವಿಮೆಯ ದಾಖಲೆಯಲ್ಲಿ ಅರ್ಹತೆಯಾಗಿ ಕಾಣಿಸಿಕೊಂಡದ್ದು ಗಮನಾರ್ಹ. ವಿಮಾ ಏಜೆಂಟರು ಬಾಗಿಲು ತಟ್ಟದಿರುವುದಕ್ಕೆ ಕಾರಣವಾಗುತ್ತಿದ್ದ ಕಸುಬುಗಳೇ ಇಲ್ಲಿ ಬಾಗಿಲು ತೆರೆದವು. ಸದಸ್ಯರ ಮಕ್ಕಳು 9ರಿಂದ 12ನೆಯ ತರಗತಿವರೆಗೆ ಓದುತ್ತಿದ್ದರೆ ತಿಂಗಳಿಗೆ 100 ರೂಪಾಯಿಯ ವಿದ್ಯಾರ್ಥಿವೇತನವೂ ಜೊತೆಗಿತ್ತು. ಆದರೆ ಒಬ್ಬೊಬ್ಬರೇ ಹೋಗಿ ಸೇರುವಂತಿರಲಿಲ್ಲ. ಕನಿಷ್ಠ 25 ಜನರ ಗುಂಪು ಬೇಕಿತ್ತು, ಆ ಗುಂಪಿನ ಪರವಾಗಿ ಕಂತು ಕಟ್ಟಿ ಪಟ್ಟಿ ಇಡುವ ನೋಡಲ್ ಸಂಸ್ಥೆಯೊಂದು ಬೇಕಿತ್ತು. ಅಂಥ ಸಂಸ್ಥೆ ಇದ್ದ ಕಡೆ ಯೋಜನೆ ನಡೆಯಿತು, ಇಲ್ಲದ ಕಡೆ ಹೆಸರೂ ಕೇಳಿಸಲಿಲ್ಲ.

ಕರ್ನಾಟಕದಲ್ಲಿ ಅಂಥ ಸಂಸ್ಥೆಗಳ ಒಂದು ದೊಡ್ಡ ಜಾಲ ಮೊದಲೇ ಸಿದ್ಧವಾಗಿತ್ತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಸಹಕಾರ ಸಂಘದ ಪರಂಪರೆ ಒಂದು ಶತಮಾನದ ಅವಧಿಯಲ್ಲಿ ಕೃಷಿ ಪತ್ತಿನ ಸಂಘಗಳಾಗಿ, ಹಾಲು ಉತ್ಪಾದಕರ ಸಂಘಗಳಾಗಿ, ನೇಕಾರರ, ಮೀನುಗಾರರ ಸಂಘಗಳಾಗಿ ಹಳ್ಳಿಹಳ್ಳಿಗೆ ಹರಡಿತ್ತು. ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಅಳೆದ ಹಾಲಿನ ಲೆಕ್ಕ ಪುಸ್ತಕದಲ್ಲಿ ಏರುತ್ತಿತ್ತು, ಬಟವಾಡೆಯ ದಿನ ಹಣ ಕೈಗೆ ಬರುತ್ತಿತ್ತು. ಬಟವಾಡೆಯಲ್ಲಿ ಕಂತನ್ನು ಮುರಿದುಕೊಳ್ಳಲು ಬರುತ್ತದೆಂದಾದರೆ, ರೈತರ ಮಟ್ಟಿಗೆ ಹಾಲಿನ ಪುಸ್ತಕವೇ ಸಂಬಳದ ಪಟ್ಟಿಯಾಯಿತು. ಇದನ್ನು ಗುರುತಿಸಿದ್ದೇ ಯಶಸ್ವಿನಿ ಯೋಜನೆಯ ಮೂಲ ಪ್ರತಿಭೆ. ಬೆಂಗಳೂರಿನ ನಾರಾಯಣ ಹೃದಯಾಲಯದ ಡಾ. ದೇವಿಶೆಟ್ಟಿಯವರು ಇದರ ಕಲ್ಪನೆಯನ್ನು ಮುಂದಿಟ್ಟರು; ರಾಜ್ಯದ ಸಹಕಾರ ಇಲಾಖೆ ಅದಕ್ಕೆ ಮೈಕೊಟ್ಟಿತು. ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆಗಳೂ ಶಸ್ತ್ರಚಿಕಿತ್ಸಾ ಕೊಠಡಿಗಳೂ ದಿನದ ಬಹುಭಾಗ ಖಾಲಿ ಬಿದ್ದಿರುವಾಗ, ನಿಶ್ಚಿತ ಸಂಖ್ಯೆಯ ರೋಗಿಗಳು ಬರುವರೆಂಬ ಭರವಸೆ ಕೊಟ್ಟರೆ ಅವು ಕಡಿಮೆ ದರಕ್ಕೆ ಒಪ್ಪಿಯಾವು ಎಂಬುದು ವೈದ್ಯರ ಲೆಕ್ಕ. ಲಕ್ಷಗಟ್ಟಲೆ ಸದಸ್ಯರಿಂದ ಒಂದೇ ಅವಧಿಯಲ್ಲಿ ಹಣ ಎತ್ತಬಹುದು ಎಂಬುದು ಇಲಾಖೆಯ ಲೆಕ್ಕ. 2002ರ ನವೆಂಬರ್ 14ರಂದು, ಅಂದರೆ ಸಹಕಾರ ಸಪ್ತಾಹ ಆರಂಭವಾಗುವ ದಿನದಂದೇ, ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ಯೋಜನೆ ಉದ್ಘಾಟನೆಗೊಂಡಿತು. 2003ರ ಜೂನ್ 1ರಿಂದ ಚಿಕಿತ್ಸೆ ದೊರೆಯತೊಡಗಿತು.

ಯಶಸ್ವಿನಿಯ ಹಿಂದೆ ವಿಮಾ ಕಂಪನಿ ಇರಲಿಲ್ಲ. ಟ್ರಸ್ಟೊಂದು ಸದಸ್ಯರ ವಂತಿಗೆಯನ್ನೂ ಸರ್ಕಾರದ ನೆರವನ್ನೂ ಒಟ್ಟುಗೂಡಿಸಿ ಆಸ್ಪತ್ರೆಗಳಿಗೆ ತಾನೇ ಹಣ ಪಾವತಿಸುತ್ತಿತ್ತು. ಯಾರು ಅರ್ಹರು, ಯಾವ ಚಿಕಿತ್ಸೆಗೆ ಎಷ್ಟು ಎಂಬ ಪರಿಶೀಲನೆಯನ್ನು ಮಾತ್ರ ಹೊರಗಿನ ನಿರ್ವಹಣಾ ಸಂಸ್ಥೆಗೆ ವಹಿಸಲಾಗಿತ್ತು. ಮೊದಲ ವರ್ಷ ತಲೆಗೆ 60 ರೂಪಾಯಿ. 1600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳಿಗೆ ಪ್ಯಾಕೇಜ್ ದರ, ಅಂದರೆ ಹಾಸಿಗೆ, ಔಷಧ, ವೈದ್ಯರ ಶುಲ್ಕ ಎಲ್ಲವೂ ಸೇರಿದ ಒಂದೇ ಮೊತ್ತ, ಮೊದಲೇ ನಿಗದಿಯಾಗಿತ್ತು. ಒಂದು ಶಸ್ತ್ರಚಿಕಿತ್ಸೆಗೆ 1 ಲಕ್ಷ, ವರ್ಷಕ್ಕೆ 2 ಲಕ್ಷ ರೂಪಾಯಿ ಮಿತಿ. ಜ್ವರ, ಕೆಮ್ಮುಗಳನ್ನು ಬಿಟ್ಟು ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಶಸ್ತ್ರಚಿಕಿತ್ಸೆ ಅಪರೂಪವಾದರೂ ಬಂದಾಗ ಮನೆ ಮುರಿಯುವಷ್ಟು ದುಬಾರಿ. ಹಾಗೆಯೇ ಯಾರೂ ಬೇಕೆಂದು ಮಾಡಿಸಿಕೊಳ್ಳುವಂಥದ್ದಲ್ಲ, ಮಾಡದೆ ಮಾಡಿದೆವೆಂದು ಲೆಕ್ಕ ತೋರಿಸುವುದೂ ಸುಲಭವಲ್ಲ.

ಮೊದಲ ವರ್ಷದ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ವಿಮೆಯ ಒಳಗಿನ ಲೆಕ್ಕ ತಿಳಿಯುತ್ತದೆ. ಸುಮಾರು 16 ಲಕ್ಷ ಜನ ಸೇರಿದರು, ಸುಮಾರು 9 ಸಾವಿರ ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಿಗೆ 10 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚವಾಯಿತು. ಒಂದು ಶಸ್ತ್ರಚಿಕಿತ್ಸೆಗೆ ಸರಾಸರಿ 12 ಸಾವಿರದ ಆಸುಪಾಸು ಎಂದಿಟ್ಟುಕೊಂಡರೆ, ಒಬ್ಬರ ಚಿಕಿತ್ಸೆಯ ಹಿಂದೆ 200 ಜನರ ವಂತಿಗೆ ಇತ್ತು. ಇನ್ನೊಂದು ಬದಿಯಿಂದ ನೋಡಿದರೆ, 200 ಸದಸ್ಯರ ಹಾಲಿನ ಸಂಘವೊಂದರಲ್ಲಿ ಇಡೀ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಮಾತ್ರ ಯೋಜನೆಯ ಪ್ರಯೋಜನ ಕಣ್ಣಿಗೆ ಕಂಡಿತು. ಉಳಿದವರೆಲ್ಲರೂ ಕೊಟ್ಟರು, ಏನನ್ನೂ ಪಡೆಯಲಿಲ್ಲ. ಮರುವರ್ಷ ಸಂಘದ ಕಾರ್ಯದರ್ಶಿ ರಸೀದಿ ಪುಸ್ತಕ ಹಿಡಿದು ಬಂದಾಗ ಎದುರಾದ ಪ್ರಶ್ನೆ, ಕಳೆದ ಸಲ ಕಟ್ಟಿದ ದುಡ್ಡು ಏನಾಯಿತು ಎಂಬುದು, ಅಜ್ಞಾನದ ಪ್ರಶ್ನೆಯಲ್ಲ. ಚೀಟಿಯ ನ್ಯಾಯಕ್ಕೆ ಒಗ್ಗಿದವರು ವಿಮೆಯ ನ್ಯಾಯವನ್ನು ತೂಗಿನೋಡುವ ಪ್ರಶ್ನೆ. ಅದಕ್ಕೆ ಉತ್ತರಿಸಬೇಕಾದವರು ಬೆಂಗಳೂರಿನ ಟ್ರಸ್ಟಿಗಳಲ್ಲ, ಅದೇ ಊರಿನ ಕಾರ್ಯದರ್ಶಿ. ಹೃದಯದ ಕವಾಟ ಬದಲಾಯಿಸಿಕೊಂಡು ಬಂದ ಒಬ್ಬರು ಆ ಊರಿನಲ್ಲಿದ್ದರೆ ಕಾರ್ಯದರ್ಶಿಯ ಉತ್ತರ ಸುಲಭವಾಗುತ್ತಿತ್ತು.

ಎರಡನೆಯ ವರ್ಷ ಸದಸ್ಯರ ಸಂಖ್ಯೆ 20 ಲಕ್ಷ ದಾಟಿತು, ಶಸ್ತ್ರಚಿಕಿತ್ಸೆಗಳು 15 ಸಾವಿರಕ್ಕೆ ಏರಿದವು. ಇಲ್ಲೇ ವಿಮಾಶಾಸ್ತ್ರದ ಹಳೆಯ ತೊಡಕೊಂದು ತಲೆದೋರಿತು. ಕಾಯಿಲೆಯ ಸುಳಿವಿರುವವರು ಉತ್ಸಾಹದಿಂದ ಸೇರುತ್ತಾರೆ, ಗಟ್ಟಿಮುಟ್ಟಾಗಿರುವವರು ಹಿಂದೆ ಸರಿಯುತ್ತಾರೆ, ಇದರಿಂದ ವೆಚ್ಚ ಏರುತ್ತದೆ, ವೆಚ್ಚ ಏರಿದ್ದಕ್ಕೆ ವಂತಿಗೆ ಏರಿಸಿದರೆ ಮತ್ತಷ್ಟು ಆರೋಗ್ಯವಂತರು ಬಿಟ್ಟುಹೋಗುತ್ತಾರೆ. ಇದನ್ನು ಪ್ರತಿಕೂಲ ಆಯ್ಕೆ ಎನ್ನುತ್ತಾರೆ. 2005ರಲ್ಲಿ ವಂತಿಗೆಯನ್ನು 60ರಿಂದ 120 ರೂಪಾಯಿಗೆ ಏರಿಸಿದಾಗ ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. 60 ರೂಪಾಯಿಯ ಹೆಚ್ಚಳ ದೊಡ್ಡದಲ್ಲವೆಂದು ಹೇಳುವುದು ಸುಲಭ. ಆದರೆ ವಂತಿಗೆ ತಲೆಗಿಷ್ಟು ಎಂದಿದ್ದುದರಿಂದ ಐದಾರು ಜನರ ಮನೆಗೆ ಒಂದೇ ಕಂತಿನಲ್ಲಿ 600, 700 ರೂಪಾಯಿ ಹೊಂದಿಸುವ ಪ್ರಮೇಯ ಬಂತು, ಮತ್ತು ಹೊಂದಿಸಲಾಗದ ಮನೆಗಳು ಹೆಚ್ಚು ಕಾಯಿಲೆಯವರನ್ನು ಮಾತ್ರ ಸೇರಿಸಿ ಉಳಿದವರನ್ನು ಕೈಬಿಟ್ಟವು. ಸರ್ಕಾರ ತನ್ನ ಪಾಲನ್ನು ಹೆಚ್ಚಿಸಿ ಯೋಜನೆಯನ್ನು ಎತ್ತಿಹಿಡಿದದ್ದರಿಂದ ಮುಂದೆ ಸಂಖ್ಯೆ ಮತ್ತೆ ಏರಿತು. ಅಂತಾರಾಷ್ಟ್ರೀಯ ಅಧ್ಯಯನಗಳಲ್ಲಿ ಯಶಸ್ವಿನಿಯನ್ನು ಸ್ವಾವಲಂಬಿ ಮಾದರಿಯೆಂದು ಹೊಗಳಿದ್ದುಂಟು. ವಸ್ತುಸ್ಥಿತಿಯಲ್ಲಿ ಸರ್ಕಾರದ ಹಣವಿಲ್ಲದೆ ಅದು ಒಂದು ವರ್ಷವೂ ನಡೆಯಲಿಲ್ಲ. ಇದರಲ್ಲಿ ಕೊರತೆ ಕಾಣಬೇಕಾದ್ದೇನೂ ಇಲ್ಲ. ಸರ್ಕಾರಿ ನೌಕರರ ಚಿಕಿತ್ಸೆಗೆ ಬೊಕ್ಕಸದ ಹಣ ಸಲ್ಲುವಾಗ ಹಾಲು ಕರೆಯುವವರ ಚಿಕಿತ್ಸೆಗೂ ಸಲ್ಲುವುದು ನ್ಯಾಯವೇ ಆಗಿದೆ.

ಆದರೆ ಹಾಲಿನ ಪುಸ್ತಕ ಬಾಗಿಲಾದಾಗ ಹಸು ಇಲ್ಲದವರು ಬಾಗಿಲಿನ ಹೊರಗೆ ನಿಲ್ಲಬೇಕಾಯಿತು. ಗ್ರಾಮೀಣ ಸಹಕಾರ ಸಂಘದಲ್ಲಿ ಕನಿಷ್ಠ ಆರು ತಿಂಗಳ ಸದಸ್ಯತ್ವ ಬೇಕೆಂಬ ನಿಯಮ, ಕಾಯಿಲೆ ಬಂದ ಮೇಲೆ ಓಡಿಬಂದು ಸೇರುವುದನ್ನು ತಡೆಯಲು ಅಗತ್ಯವೇ ಆಗಿದ್ದರೂ, ಹೊಲವಾಗಲಿ ಕರೆಯುವ ಹಸುವಾಗಲಿ ಇಲ್ಲದ ಕೂಲಿಯ ಮನೆಗಳಿಗೆ, ಅವುಗಳಲ್ಲಿ ಬಹುಪಾಲು ದಲಿತರವೇ, ದಾಟಲಾಗದ ಹೊಸ್ತಿಲಾಯಿತು. ಸ್ವಸಹಾಯ ಗುಂಪುಗಳ ಮೂಲಕ ಈ ಹೊಸ್ತಿಲನ್ನು ಸ್ವಲ್ಪ ತಗ್ಗಿಸಲಾಯಿತು. ನಗರದ ಅಶೋಕಪುರಂಗೆ ಆ ದಾರಿಯೂ ಇರಲಿಲ್ಲ. ಇಲ್ಲಿನ ಮನೆಗಳಿಗೂ ನಂಜನಗೂಡು, ತಿ. ನರಸೀಪುರ, ಚಾಮರಾಜನಗರ ಕಡೆಯ ಹಳ್ಳಿಗಳಿಗೂ ಕೊಟ್ಟುತಂದ ನೆಂಟಸ್ತಿಕೆ ದಟ್ಟವಾಗಿದೆ. ಹಳ್ಳಿಯ ಸೋದರಮಾವನಿಗೆ ದೊರೆತ ಕಾರ್ಡು ನಗರದ ಸೋದರಳಿಯನಿಗೆ ದೊರೆಯಲಿಲ್ಲ. ನಗರದ ಸಹಕಾರ ಸಂಘಗಳ ಸದಸ್ಯರಿಗೂ ಯೋಜನೆಯನ್ನು ವಿಸ್ತರಿಸಿದ್ದು ಹತ್ತು ವರ್ಷಗಳ ನಂತರ, ಅದೂ ಗ್ರಾಮೀಣ ಸದಸ್ಯರಿಗಿಂತ ಹೆಚ್ಚಿನ ವಂತಿಗೆಗೆ.

ಯಶಸ್ವಿನಿ ರೂಪುಗೊಳ್ಳುತ್ತಿದ್ದ ದಿನಗಳಲ್ಲೇ ಅಶೋಕಪುರಂನಿಂದ ಹೆಚ್ಚು ದೂರವಿಲ್ಲದ ತಿ. ನರಸೀಪುರ ತಾಲ್ಲೂಕಿನಲ್ಲಿ ಮತ್ತೊಂದು ಪ್ರಯೋಗ ನಡೆಯಿತು. ಅದಕ್ಕೆ ದೊರೆಯಬೇಕಾದ ಮನ್ನಣೆ ದೊರೆತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು ಮತ್ತು ಸರ್ಕಾರಿ ಸ್ವಾಮ್ಯದ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಸಹಯೋಗದಿಂದ, ಇಲ್ಲಿಯೂ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿಯೂ 2002ರಲ್ಲಿ ಸಮುದಾಯ ಆರೋಗ್ಯ ವಿಮೆಯನ್ನು ಆರಂಭಿಸಿತು. ವರ್ಷದ ಕಂತು ತಲೆಗೆ 30 ರೂಪಾಯಿ ಮೀರದಂತಿತ್ತು. ಬಡತನ ರೇಖೆಯ ಕೆಳಗಿನ ಪರಿಶಿಷ್ಟ ಜಾತಿ, ಪಂಗಡಗಳ ಕುಟುಂಬಗಳ ಕಂತನ್ನು ಯೋಜನೆಯೇ ಭರಿಸಿತು. ಖಾಸಗಿ ಆಸ್ಪತ್ರೆಯ ದುಬಾರಿ ಶಸ್ತ್ರಚಿಕಿತ್ಸೆಯ ಗೊಡವೆಗೆ ಹೋಗದೆ, ಬಡವರು ನಿಜವಾಗಿ ಹೋಗುವ ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ತಗಲುವ ಖರ್ಚು ಯಾವುದೆಂದು ಅದು ನೋಡಿತು. ಅಲ್ಲಿ ಹಾಸಿಗೆ ಪುಕ್ಕಟೆ ಎಂಬ ಮಾತು ಕಾಗದದ ಮೇಲೆ ಸರಿಯೇ. ಆದರೆ ದಾಸ್ತಾನಿಲ್ಲದ ಔಷಧವನ್ನು ಹೊರಗಿನ ಅಂಗಡಿಯಿಂದ ತರಬೇಕು, ಹಾಸಿಗೆಯಲ್ಲಿ ಮಲಗಿದಷ್ಟು ದಿನವೂ ಕೂಲಿ ಇಲ್ಲ. ಆದ್ದರಿಂದ ಒಳರೋಗಿಯಾಗಿ ದಾಖಲಾದ ಪ್ರತಿ ದಿನಕ್ಕೆ 100 ರೂಪಾಯಿ, ಅದರಲ್ಲಿ 50 ಔಷಧಕ್ಕೆಂದು ಆಸ್ಪತ್ರೆಗೆ, 50 ಕೂಲಿ ನಷ್ಟಕ್ಕೆಂದು ರೋಗಿಯ ಕೈಗೆ, ಒಟ್ಟು 25 ದಿನಗಳವರೆಗೆ, ಎಂಬ ಸರಳ ಏರ್ಪಾಡನ್ನು ಅದು ಮಾಡಿತು.

ಈ 50 ರೂಪಾಯಿಯ ಮಹತ್ತ್ವವನ್ನು ಎಷ್ಟು ಹೇಳಿದರೂ ಕಡಿಮೆ. ದಿನಗೂಲಿಯ ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಇಬ್ಬರ ಕೂಲಿ ನಿಲ್ಲುತ್ತದೆ: ಮಲಗಿದವರದು ಒಂದು, ಅವರ ಪಕ್ಕದಲ್ಲಿ ಕೂರುವವರದು ಇನ್ನೊಂದು. ಹಳ್ಳಿಯಿಂದ ಊಟ ತರುವವರ ಬಸ್ ಚಾರ್ಜು, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಊಟ, ಮೂರನೆಯ ದಿನಕ್ಕೇ ತೆಗೆಯಬೇಕಾದ ಕೈಸಾಲ ಇವು ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಬರುವುದಿಲ್ಲ. ವೈದ್ಯರು ಇನ್ನೂ ನಾಲ್ಕು ದಿನ ಇರಬೇಕೆಂದರೂ ರೋಗಿ ಬರೆದುಕೊಟ್ಟು ಮನೆಗೆ ಹೋಗುವುದರ ಹಿಂದೆ ಬಹುಪಾಲು ಇದೇ ಲೆಕ್ಕವಿರುತ್ತದೆ. ಇಎಸ್‌ಐ ಕಾಯ್ದೆಯು ಕಾರ್ಖಾನೆಯ ಕೆಲಸಗಾರರಿಗೆ ಕಾಯಿಲೆ ಭತ್ಯೆ ಕೊಡುವಾಗ ಒಪ್ಪಿಕೊಂಡಿದ್ದ ತತ್ತ್ವವನ್ನು ಕೂಲಿಯವರಿಗೆ ಅನ್ವಯಿಸಿದ ವಿರಳ ಯೋಜನೆಗಳಲ್ಲಿ ತಿ. ನರಸೀಪುರದ್ದು ಒಂದು. ಅದರ ನಂತರ ಬಂದ, ಅದಕ್ಕಿಂತ ನೂರಾರು ಪಟ್ಟು ದೊಡ್ಡದಾದ ಸರ್ಕಾರಿ ಯೋಜನೆಗಳು ಚಿಕಿತ್ಸೆಯ ಮಿತಿಯನ್ನು ಲಕ್ಷಗಳಿಗೆ ಏರಿಸಿದವೇ ಹೊರತು ಕೂಲಿಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ನಡುವೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 2004ರಲ್ಲಿ ಸಂಪೂರ್ಣ ಸುರಕ್ಷಾ ಎಂಬ ಹೆಸರಿನಲ್ಲಿ ತನ್ನ ಗುಂಪುಗಳ ಸದಸ್ಯರಿಗೆ ಕುಟುಂಬ ವಿಮೆ ಆರಂಭಿಸಿತು. ಅಲ್ಲಿ ಸಂಬಳದ ಪಟ್ಟಿಯ ಸ್ಥಾನದಲ್ಲಿ ನಿಂತದ್ದು ಪ್ರಗತಿಬಂಧು ಮತ್ತು ಸ್ವಸಹಾಯ ಸಂಘಗಳ ವಾರದ ಸಭೆಯ ಪುಸ್ತಕ. ವಿಮಾ ನಿಯಂತ್ರಣ ಪ್ರಾಧಿಕಾರ 2005ರ ನವೆಂಬರಿನಲ್ಲಿ ಕಿರುವಿಮೆಗೆಂದೇ ಪ್ರತ್ಯೇಕ ನಿಯಮಾವಳಿ ತಂದು, ಸ್ವಯಂಸೇವಾ ಸಂಸ್ಥೆಗಳು, ಸ್ವಸಹಾಯ ಗುಂಪುಗಳು, ಕಿರುಸಾಲ ಸಂಸ್ಥೆಗಳು ಕಿರುವಿಮಾ ಏಜೆಂಟರಾಗಬಹುದೆಂದೂ, ಅವರಿಗೆ ಸ್ಥಳೀಯ ಭಾಷೆಯಲ್ಲಿ 25 ಗಂಟೆಗಳ ತರಬೇತಿ ಕೊಡಬೇಕೆಂದೂ, ಪಾಲಿಸಿಯ ಷರತ್ತುಗಳು ಜನರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿರಬೇಕೆಂದೂ ವಿಧಿಸಿತು. ಜೀವವಿಮೆಯ ಮೊತ್ತ 5 ಸಾವಿರದಿಂದ 50 ಸಾವಿರ ರೂಪಾಯಿ, ಆರೋಗ್ಯ ವಿಮೆ 30 ಸಾವಿರ ರೂಪಾಯಿವರೆಗೆ ಎಂದು ಗೆರೆ ಎಳೆಯಿತು.

2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಪಟ್ಟಿಯ ಪ್ರಶ್ನೆಗೆ ಬೇರೆ ಉತ್ತರ ಹುಡುಕಿತು: ಬಡತನ ರೇಖೆಯ ಕೆಳಗಿನವರ ಸರ್ಕಾರಿ ಪಟ್ಟಿಯನ್ನೇ ಆಧಾರ ಮಾಡಿಕೊಂಡು, 30 ರೂಪಾಯಿ ನೋಂದಣಿ ಶುಲ್ಕಕ್ಕೆ ಐವರ ಕುಟುಂಬಕ್ಕೆ 30 ಸಾವಿರ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ, ಬೆರಳಚ್ಚು ಸೇರಿಸಿದ ಸ್ಮಾರ್ಟ್ ಕಾರ್ಡು. ಕರ್ನಾಟಕದಲ್ಲಿ 2010ರಲ್ಲಿ ಮೊದಲು ಆರಂಭವಾದ ಐದು ಜಿಲ್ಲೆಗಳಲ್ಲಿ ಮೈಸೂರೂ ಒಂದು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಡಿ. ರಾಜಶೇಖರ್ ಮತ್ತು ಸಂಗಡಿಗರ ಅಧ್ಯಯನವು ಕೆಲವೇ ತಿಂಗಳಲ್ಲಿ ಅರ್ಹ ಕುಟುಂಬಗಳಲ್ಲಿ ಶೇ. 68ರಷ್ಟು ನೋಂದಣಿಯಾದದ್ದನ್ನು ದಾಖಲಿಸಿತು. ಜೊತೆಗೇ, ಹಲವರಿಗೆ ಕಾರ್ಡು ಸಕಾಲಕ್ಕೆ ಕೈಸೇರದಿದ್ದುದನ್ನೂ, ಕಾರ್ಡು ಹಿಡಿದು ಯಾವ ಆಸ್ಪತ್ರೆಗೆ ಹೇಗೆ ಹೋಗಬೇಕೆಂದು ತಿಳಿಯದೆ ಬಳಕೆ ತೀರ ಕಡಿಮೆಯಿದ್ದುದನ್ನೂ ತೋರಿಸಿತು. ಕಾರ್ಡು ಹಂಚಿದ ತಂಡ ಮುಂದಿನ ಊರಿಗೆ ಹೋಗಿಬಿಟ್ಟಿರುತ್ತಿತ್ತು. ಯಶಸ್ವಿನಿಯಲ್ಲಿದ್ದ ಸಂಘದ ಕಾರ್ಯದರ್ಶಿಯಂಥ ಒಬ್ಬ ಸ್ಥಳೀಯ ಹೊಣೆಗಾರ ಇಲ್ಲಿ ಇರಲಿಲ್ಲ.

ಅದೇ 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲುಗೊಂಡು ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ವಾಜಪೇಯಿ ಆರೋಗ್ಯಶ್ರೀ ಈ ಕೊರತೆಯನ್ನು ತುಂಬಿತು. ವಂತಿಗೆಯೂ ಇಲ್ಲ, ನೋಂದಣಿಯೂ ಇಲ್ಲ. ಬಿಪಿಎಲ್ ಪಡಿತರ ಚೀಟಿಯೇ ಸಾಕು. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡ, ನರರೋಗ, ಸುಟ್ಟಗಾಯ ಮುಂತಾದ ದುಬಾರಿ ಚಿಕಿತ್ಸೆಗಳನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಭರಿಸಿತು. ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಹಾಯಕರನ್ನು ಇರಿಸಿ ಕಾಗದಪತ್ರದ ಹೊಣೆಯನ್ನು ರೋಗಿಯ ತಲೆಯಿಂದ ಇಳಿಸಿತು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವುಗಳು ಯೋಜನೆ ದೊರೆತ ಬಡ ಕುಟುಂಬಗಳಲ್ಲಿ ದೊರೆಯದ ನೆರೆಯ ಬಡ ಕುಟುಂಬಗಳಿಗಿಂತ ಶೇ. 64ರಷ್ಟು ಕಡಿಮೆಯಿದ್ದವು. ಕಿರುವಿಮೆಯ ಚರಿತ್ರೆಯಲ್ಲಿ ಜೀವ ಉಳಿದದ್ದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಅಪರೂಪ.

ಈ ಹಲವು ಯೋಜನೆಗಳನ್ನು ಒಂದಾಗಿಸುವ ಉದ್ದೇಶದಿಂದ 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಬೆಸೆದುಕೊಂಡಿತು. ಯಶಸ್ವಿನಿ ಮೇ 31ಕ್ಕೆ ನಿಂತಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂಬುದು ಹಿಂದಿನ ಯಾವ ಮಿತಿಗಿಂತಲೂ ಉದಾರವಾದದ್ದು. ಆದರೂ ಯಶಸ್ವಿನಿ ಬೇಕೆಂಬ ಸಹಕಾರಿಗಳ ಒತ್ತಾಯ ನಿಲ್ಲಲಿಲ್ಲ. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದೇ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂಬ ಹೊಸ ನಿಯಮದ ಅಲೆದಾಟ ಅದಕ್ಕೆ ಒಂದು ಕಾರಣ. ವರ್ಷವರ್ಷವೂ ಹಣ ಕಟ್ಟಿದ್ದರಿಂದ ಹುಟ್ಟಿದ್ದ ತಮ್ಮದೆಂಬ ಹಕ್ಕಿನ ಭಾವ ಇನ್ನೊಂದು. ಕಡೆಗೆ 2022ರ ನವೆಂಬರಿನಿಂದ ನೋಂದಣಿ ಮರಳಿ ಆರಂಭವಾಗಿ 2023ರ ಜನವರಿ 1ರಿಂದ ಚಿಕಿತ್ಸೆ ದೊರೆಯತೊಡಗಿತು. ವಂತಿಗೆ ಈಗ ತಲೆಗಿಷ್ಟು ಎಂಬುದರ ಬದಲು ಕುಟುಂಬಕ್ಕಿಷ್ಟು ಎಂದಾಗಿದೆ: ನಾಲ್ವರ ಗ್ರಾಮೀಣ ಕುಟುಂಬಕ್ಕೆ 500, ನಗರದ ಕುಟುಂಬಕ್ಕೆ 1000 ರೂಪಾಯಿ. 2005ರ ಪಾಠವನ್ನು ಇಷ್ಟರ ಮಟ್ಟಿಗೆ ಯೋಜನೆ ಕಲಿತಿದೆ. ಪರಿಶಿಷ್ಟ ಜಾತಿ, ಪಂಗಡಗಳ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಸಹಕಾರ ಸಂಘದ ಸದಸ್ಯತ್ವ, ಪಡಿತರ ಚೀಟಿ, ಆಧಾರ್ ಮತ್ತು ಜಾತಿ ಪ್ರಮಾಣಪತ್ರ ಇದ್ದರೆ ಸಾಕು. ಅಂದರೆ ಅಶೋಕಪುರಂನ ಕೂಲಿಯ ಮನೆಗೂ ಬಾಗಿಲು ತೆರೆದಿದೆ, ಅಲ್ಲಿ ಸಂಘವೊಂದರ ಸದಸ್ಯರಾಗಿದ್ದರೆ.

ಚಿಕಿತ್ಸೆಯ ಮಟ್ಟಿಗೆ ಪಟ್ಟಿಯ ಪ್ರಶ್ನೆ ಹೀಗೆ ಬಹುಪಾಲು ಬಗೆಹರಿದಿರುವಾಗ, ಸಾವು ಮತ್ತು ಅಪಘಾತದ ವಿಮೆಯಲ್ಲಿ ಅದು ಹೊಸ ರೂಪದಲ್ಲಿ ಎದುರು ನಿಂತಿದೆ. 2015ರ ಮೇ ತಿಂಗಳಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಮತ್ತು ಸುರಕ್ಷಾ ಬಿಮಾ ಯೋಜನೆಗಳಲ್ಲಿ ಪಟ್ಟಿಯೆಂದರೆ ಬ್ಯಾಂಕ್ ಖಾತೆ. ಈಗಿನ ದರದಂತೆ ವರ್ಷಕ್ಕೆ 436 ಮತ್ತು 20 ರೂಪಾಯಿ ಮೇ ತಿಂಗಳ ಕೊನೆಯ ವಾರದಲ್ಲಿ ಖಾತೆಯಿಂದ ತಾನಾಗಿ ಕಡಿತವಾಗಿ, ಜೂನ್ 1ರಿಂದ ಒಂದು ವರ್ಷ 2 ಲಕ್ಷ ರೂಪಾಯಿಯ ರಕ್ಷಣೆ ದೊರೆಯುತ್ತದೆ. ವಸೂಲಿಯ ಖರ್ಚಿಲ್ಲದೆ ವಿಮೆಯನ್ನು ಇಷ್ಟು ಅಗ್ಗವಾಗಿಸಿದ್ದು ನಿಜವಾದ ಮುನ್ನಡೆ. ಆದರೆ ಮೇ ಕೊನೆಯ ವಾರವೆಂದರೆ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರಗಳಿಗೆ ಖಾತೆಯಲ್ಲಿದ್ದ ಹಣವನ್ನೆಲ್ಲ ತೆಗೆಯುವ ವಾರ. ಆ ದಿನ ಖಾತೆಯಲ್ಲಿ 436 ರೂಪಾಯಿ ಇಲ್ಲದಿದ್ದರೆ ಹಿಂದಿನ ವರ್ಷಗಳೆಲ್ಲ ಕಟ್ಟಿದ್ದರೂ ವಿಮೆ ಮುರಿದುಬೀಳುತ್ತದೆ, ಮುರಿದದ್ದನ್ನು ಮನೆಗೆ ಬಂದು ಹೇಳುವವರು ಯಾರೂ ಇಲ್ಲ. ಕಂತು ಸರಿಯಾಗಿ ಕಡಿತವಾಗಿದ್ದರೂ, ಓದುಬರಹ ಕಡಿಮೆಯಿರುವ ಮನೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ವಿಮೆಯಿತ್ತೆಂಬುದೇ ಉಳಿದವರಿಗೆ ತಿಳಿಯದೆ ಹೋಗಬಹುದು. ತಿಳಿಯಬೇಕಾದರೆ ಪಾಸ್‌ಬುಕ್ಕಿನ ಮೇ ತಿಂಗಳ ಪುಟದಲ್ಲಿ ಚಿಕ್ಕ ಅಕ್ಷರದ ಒಂದು ಸಾಲನ್ನು ಯಾರಾದರೂ ಓದಿ ಹೇಳಬೇಕು. ಹಾಲಿನ ಸಂಘದ ಕಾರ್ಯದರ್ಶಿ, ಆಸ್ಪತ್ರೆಯ ಆರೋಗ್ಯ ಮಿತ್ರ ಇವರು ತಮ್ಮ ತಮ್ಮ ಯೋಜನೆಗಳಲ್ಲಿ ಮಾಡಿದ ಈ ಕೆಲಸವನ್ನು ನಗರದ ಕೇರಿಗಳಲ್ಲಿ ಮಾಡಬಲ್ಲವರು ಸ್ತ್ರೀಯರ ಸ್ವಸಹಾಯ ಗುಂಪುಗಳು ಮತ್ತು ಪತ್ತಿನ ಸಹಕಾರ ಸಂಘಗಳು. ಪ್ರತಿ ವರ್ಷ ಮೇ 20ರೊಳಗೆ ಸದಸ್ಯರ ಖಾತೆಗಳನ್ನು ನೋಡಿ ಎಚ್ಚರಿಸುವುದು, ಬೀದಿಯಲ್ಲಿ ಸಾವಾದರೆ ಆ ಮನೆಯ ಪಾಸ್‌ಬುಕ್ಕನ್ನು ತಿಥಿಯೊಳಗೆ ತೆರೆದು ನೋಡುವುದು, ಕ್ಲೇಮಿನ ಅರ್ಜಿಯನ್ನು ಬ್ಯಾಂಕಿಗೆ ಮುಟ್ಟಿಸಿ ಸ್ವೀಕೃತಿ ಪಡೆಯುವುದು ಈ ಮೂರು ಕೆಲಸಗಳಿಗೆ ಹೊಸ ಯೋಜನೆಯಾಗಲಿ ಹೊಸ ಕಂತಾಗಲಿ ಬೇಕಿಲ್ಲ. ಸಂಘದ ಬೈಲಾದಲ್ಲಿ ಒಂದು ಕಲಮು ಸೇರಿಸಿ, ಅದಕ್ಕೊಬ್ಬ ಹೊಣೆಗಾರರನ್ನು ನೇಮಿಸಿದರೆ ಸಾಕು.